ಟ್ರಾವೆಲ್ ಟ್ರೈಲರ್‌ಗೆ 1,200 ಪೌಂಡಿನ ಹಿಚ್ ಬೇಕೇ, 800 ಸಾಕೇ?

ಟ್ರಾವೆಲ್ ಟ್ರೈಲರ್ ಎಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಮನೆ. ನೀವು ಕೊಳ್ಳಹೊರಟಿರುವುದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಟ್ರೈಲರ್ ಗಾಡಿಯ ಮೇಲೆ ಹೇರುವ ಭಾರವನ್ನು ಸ್ಪ್ರಿಂಗ್ ಬಾರ್ ಎಂಬ ಸಲಾಕೆಗಳಿಂದ ಹಂಚುವ ಕೊಂಡಿ. 800, 1,200 ಎಂಬುದು ಅದು ತಾಳುವ ಟಂಗ್ ವೇಟ್‌ನ (ಟ್ರೈಲರ್‌ನ ಮೂತಿ ಹಿಚ್ ಮೇಲೆ ಹೇರುವ ಭಾರದ) ಮಿತಿ. ನೀವು ಹೇಳಿದ್ದು ಇಷ್ಟು: ಖಾಲಿ ಟ್ರೈಲರ್ 4,800 ಪೌಂಡ್, ಬ್ರೋಷರ್‌ನಲ್ಲಿ ಟಂಗ್ ವೇಟ್ 520, ಸಾಮಾನು ತುಂಬಿದ ಮೇಲೆ ಒಟ್ಟು 6,000 ಆಗಬಹುದು. ನಿಮಗೆ 800 ಸಾಕೆನಿಸಿದೆ, ಅಂಗಡಿಯವರು "ದೊಡ್ಡದಿದ್ದಷ್ಟೂ ಒಳ್ಳೆಯದು" ಎಂದು 1,200 ತೋರಿಸುತ್ತಿದ್ದಾರೆ. ನಾನಾದರೆ ಎರಡೂ ಬೇಡ ಎಂದು 1,000ದ ಕಡೆ ಹೋಗುತ್ತೇನೆ. ಅದೂ ತೂಕ ಹಾಕಿಸಿ ನೋಡಿದ ಮೇಲೆ.

ಬ್ರೋಷರ್‌ನ 520 ಮರೆತುಬಿಡಿ. ಅದು ಖಾಲಿ ಟ್ರೈಲರ್‌ನ ಲೆಕ್ಕ. ಬ್ಯಾಟರಿ, ತುಂಬಿದ ಗ್ಯಾಸ್ ಸಿಲಿಂಡರ್ ಎಷ್ಟೋ ಸಲ ಅದರಲ್ಲಿ ಸೇರಿರುವುದೇ ಇಲ್ಲ, ಆದರೆ ಅವು ಕೂರುವುದು ಟಂಗ್ ಮೇಲೆಯೇ. ಟ್ರಾವೆಲ್ ಟ್ರೈಲರ್‌ನ ಟಂಗ್ ವೇಟ್ ತುಂಬಿದ ತೂಕದ ಶೇ. 10ರಿಂದ 15ರಷ್ಟಿರಬೇಕು. ನಿಮ್ಮದಕ್ಕೆ 600ರಿಂದ 900 ಪೌಂಡ್. ಶೇ. 13 ಹಿಡಿದರೆ 780. ಇದಕ್ಕೆ ಎಳೆಯುವ ಗಾಡಿಯ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಟ್ಟ ಸಾಮಾನನ್ನೂ ಕೂಡಿಸಿ. ಆ ಭಾರವನ್ನೂ ಸ್ಪ್ರಿಂಗ್ ಬಾರ್‌ಗಳೇ ಸರಿದೂಗಿಸಬೇಕು. ನೂರು ಪೌಂಡ್ ಇದ್ದರೆ 880 ಆಯಿತು, 800 ಸಾಲದು.

ಹಾಗಾದರೆ 1,200 ಯಾಕೆ ಬೇಡ? ಬಾರ್ ಕೆಲಸ ಮಾಡುವುದೇ ಬಾಗಿ. ಬಾಲ್ (ಟ್ರೈಲರ್‌ನ ಮೂತಿ ಕೂರುವ ಹಿಚ್‌ನ ಗುಂಡು) ಮೇಲೆ ಭಾರ ಬಿದ್ದಾಗ ಗಾಡಿಯ ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ, ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗಿ ಸ್ಟೀರಿಂಗ್ ಹಗುರವಾಗುತ್ತದೆ. ಬಾರ್‌ಗಳು ಹಾರೆ ಹಾಕಿ ಮೀಟಿದ ಹಾಗೆ ಆ ಭಾರದಲ್ಲಿ ಒಂದಿಷ್ಟನ್ನು ಮುಂದಿನ ಆಕ್ಸಲ್‌ಗೂ ಟ್ರೈಲರ್‌ನ ಆಕ್ಸಲ್‌ಗಳಿಗೂ ಸರಿಸುತ್ತವೆ. ಅತಿ ಗಡುಸಾದ ಬಾರ್ ಅಷ್ಟು ಸುಲಭಕ್ಕೆ ಬಾಗದು. ಹೊಂಡ ಸಿಕ್ಕಾಗಲೆಲ್ಲ ಪೆಟ್ಟು ನೇರವಾಗಿ ಟ್ರೈಲರ್‌ನ ಫ್ರೇಮ್‌ಗೆ. ಪ್ರಯಾಣವೂ ಒರಟು.

ಕೊಳ್ಳುವ ಮುಂಚೆ ಗಾಡಿಯ ಹಿಂದೆ ಬಗ್ಗಿ ರಿಸೀವರ್ (ಹಿಚ್ ತೂರಿಸುವ ಕೊಳವೆ) ಮೇಲಿನ ಸ್ಟಿಕ್ಕರ್ ಓದಿ. ಸಾಮಾನ್ಯವಾಗಿ ಎರಡು ಸಾಲು ಇರುತ್ತದೆ: ಬರೀ ಬಾಲ್ ಮೇಲೆ ಹೊರುವ ಮಿತಿ ಒಂದು, ವೇಟ್ ಡಿಸ್ಟ್ರಿಬ್ಯೂಷನ್ ಹಾಕಿದಾಗಿನ ಮಿತಿ ಇನ್ನೊಂದು. ಎಷ್ಟು ದುಡ್ಡಿನ ಹಿಚ್ ಹಾಕಿದರೂ ಎರಡನೆಯ ಸಾಲನ್ನು ದಾಟುವಂತಿಲ್ಲ, ಗಾಡಿಯ ಎಳೆಯುವ ಸಾಮರ್ಥ್ಯವೂ ಅದರಿಂದ ಹೆಚ್ಚುವುದಿಲ್ಲ. ಕೆಲವು ಗಾಡಿಗಳ ಕೈಪಿಡಿಯಲ್ಲಿ ಇಂಥ ಹಿಚ್ಚೇ ಬೇಡ ಎಂದಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಟ್ರೈಲರ್ ಅಕ್ಕಪಕ್ಕ ಓಲಾಡುವುದನ್ನು ತಡೆಯಲು ಪ್ರತ್ಯೇಕ ಫ್ರಿಕ್ಷನ್ ಬಾರ್ (ಘರ್ಷಣೆಯಿಂದ ತಡೆಯುವ ಸಲಾಕೆ) ಅಗ್ಗ, ಆದರೆ ರಿವರ್ಸ್ ತೆಗೆಯುವ ಮುಂಚೆ ಪ್ರತಿಸಲ ಇಳಿದು ಬಿಚ್ಚಬೇಕು. ನನಗಂತೂ ಅದು ತಲೆನೋವು. ಈಕ್ವಲೈಜರ್, ಬ್ಲೂ ಆಕ್ಸ್ ಸ್ವೇಪ್ರೋ ಥರದ ಹಿಚ್‌ಗಳಲ್ಲಿ ಓಲಾಟದ ತಡೆ ಒಳಗೇ ಇರುತ್ತದೆ, ರಿವರ್ಸ್‌ಗೂ ಅಡ್ಡಿಯಿಲ್ಲ. ಈಕ್ವಲೈಜರ್ ತಿರುವಿನಲ್ಲಿ ಕಿರ್ರೆನ್ನುತ್ತದೆ, ಗಾಬರಿ ಬೇಡ. ಹೆನ್ಸ್‌ಲಿ, ಪ್ರೊಪ್ರೈಡ್ ಓಲಾಟಕ್ಕೆ ಇನ್ನೂ ಗಟ್ಟಿ ಉತ್ತರ, ಆದರೆ ಭಾರ, ಬೆಲೆ ಎರಡೂ ಜಾಸ್ತಿ. 6,000 ಪೌಂಡಿಗೆ ನಾನು ಅಷ್ಟು ಸುರಿಯೆ. ಅಂದಹಾಗೆ, ಸಾಮಾನೆಲ್ಲ ಟ್ರೈಲರ್‌ನ ಹಿಂಬದಿಗೆ ತುಂಬಿ ಟಂಗ್ ಹಗುರ ಮಾಡಿಕೊಂಡರೆ ಇವ್ಯಾವುವನ್ನೂ ನೆಚ್ಚಿಕೊಳ್ಳುವಂತಿಲ್ಲ. ಮೊದಲು ಸಾಮಾನು ಮುಂದಕ್ಕೆ ಸರಿಸಿ.

ಹಾಕಿದ ಮೇಲೆ ಟೇಪ್ ಹಿಡಿದು ಮುಂದಿನ ಚಕ್ರದ ಕಮಾನಿನ ಎತ್ತರ ಅಳೆಯಿರಿ. ಟ್ರೈಲರ್ ಇಲ್ಲದೆ 36 ಇಂಚು, ಬಾರ್ ಹಾಕದೆ ಟ್ರೈಲರ್ ಕಟ್ಟಿದಾಗ 37½ ಎಂದುಕೊಳ್ಳಿ. ಗಾಡಿಯ ಕೈಪಿಡಿ, ಎದ್ದ ಎತ್ತರದಲ್ಲಿ ಅರ್ಧ ಇಳಿಸಿ ಎಂದರೆ ಬಾರ್ ಹಾಕಿದಾಗ 36¾ಕ್ಕೆ ಬರಬೇಕು. 36ಕ್ಕಿಂತ ಕೆಳಗಿಳಿಸಬೇಡಿ, ಆಗ ಹಿಂದಿನ ಚಕ್ರಗಳೇ ಹಿಡಿತ ಕಳೆದುಕೊಳ್ಳುತ್ತವೆ. ಟ್ರೈಲರ್ ಮಟ್ಟವಾಗಿ, ಇಲ್ಲವೇ ಮೂತಿ ಒಂಚೂರು ತಗ್ಗಿ ನಿಂತಿರಲಿ. ಬಾರ್ ಬಿಚ್ಚುವಾಗ ಕಪ್ಲರ್ (ಬಾಲನ್ನು ಹಿಡಿಯುವ ಟ್ರೈಲರ್‌ನ ಹಿಡಿ) ಲಾಕ್ ಇರುವಾಗಲೇ ಜಾಕ್‌ನಿಂದ ಟಂಗ್ ಎತ್ತಿ ಬಿಗಿ ಸಡಿಲಿಸಿಕೊಳ್ಳಿ. ಬಿಗಿಯಿರುವ ಬಾರ್ ಸಿಡಿದರೆ ಮುಂಗೈ ಮುರಿದೀತು.