ಸೈಕಲ್ ಕೊಡಲ್ಲ ಅಂದರೆ ಮಗ ಜಿಪುಣನಾ?

ಪ್ರಶ್ನೆ: ನನ್ನ ಮಗನಿಗೆ ಈಗ ಎರಡೂವರೆ ವರ್ಷ. ಹುಬ್ಬಳ್ಳಿಯಿಂದ ನಾದಿನಿ ಬಂದಾಗಲೆಲ್ಲ ಮನೆಯಲ್ಲಿ ರಂಪ. ಅವರ ನಾಲ್ಕು ವರ್ಷದ ಮಗಳಿಗೆ ಇವನು ತನ್ನ ಮೂರು ಗಾಲಿ ಸೈಕಲ್ ಮುಟ್ಟೋಕೂ ಬಿಡಲ್ಲ. ಕಸಿದು ಕೊಟ್ಟರೆ ಓಣಿಗೆಲ್ಲ ಕೇಳುವಂತೆ ಅಳುತ್ತಾನೆ. "ಒಬ್ಬನೇ ಮಗ ಅಂತ ಮುದ್ದು ಜಾಸ್ತಿ ಆಗೇತಿ" ಅಂತ ಅತ್ತೆ ಬೈಯುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಗದಗ

ಉತ್ತರ: ಅತ್ತೆಯವರ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ಈ ವಯಸ್ಸಿಗೆ "ನಂದು" ಅನ್ನೋದು ಈಗಷ್ಟೇ ಗೊತ್ತಾಗಿರುತ್ತದೆ, ಕೊಟ್ಟದ್ದು ತಿರುಗಿ ಬರುತ್ತದೆ ಅನ್ನೋ ನಂಬಿಕೆ ಇನ್ನೂ ಹುಟ್ಟಿರುವುದಿಲ್ಲ. ಎರಡು ವರ್ಷದ ಮಕ್ಕಳು ಪಕ್ಕಪಕ್ಕ ಕೂತರೂ ತಮ್ಮ ತಮ್ಮ ಆಟವನ್ನೇ ಆಡುತ್ತಿರುತ್ತಾರೆ, ನೋಡಿದ್ದೀರಲ್ವಾ? ಕೂಡಿ ಆಡೋದು ಮೂರು ದಾಟಿದ ಮೇಲೆ ನಿಧಾನಕ್ಕೆ ಬರುತ್ತದೆ.

ಕಸಿದು ಕೊಡೋದನ್ನು ಮಾತ್ರ ಇವತ್ತೇ ನಿಲ್ಲಿಸಿ. ಅದರಿಂದ ಅವನು ಕಲಿಯೋದು, ದೊಡ್ಡವರಾದರೆ ಕಸಿಯಬಹುದು ಅಂತ.

ಹಂಚಿಕೋ ಅನ್ನೋ ಬದಲು ಪಾಳಿ ಕಲಿಸಿ. ನಮ್ಮ ಕಡೆ ಪಂಚಮಿಗೆ ಜೋಕಾಲಿ ಕಟ್ಟಿದರೆ ಓಣಿಯ ಮಕ್ಕಳೆಲ್ಲ ಒಂದೇ ಹಗ್ಗಕ್ಕೆ ಕಾಯುತ್ತವೆ. ಇಷ್ಟು ಜೀಕು ಆದರೆ ಇಳಿ ಅಂತ ಲೆಕ್ಕ, ಸುತ್ತ ನಿಂತವರೇ ಕೂಗಿ ಎಣಿಸುತ್ತಾರೆ. ಸೈಕಲ್ಲಿಗೂ ಹಾಗೇ ಮಾಡಿ. "ಐದು ನಿಮಿಷ" ಅಂದರೆ ಮಗುವಿಗೆ ಏನೂ ಗೊತ್ತಾಗಲ್ಲ, "ಅಂಗಳದಲ್ಲಿ ಎರಡು ಸುತ್ತು ನೀನು, ಎರಡು ಸುತ್ತು ಅಕ್ಕ" ಅಂದರೆ ಕಣ್ಣಿಗೆ ಕಾಣುತ್ತದೆ. ಮೊದಮೊದಲು ಅಕ್ಕನ ಪಾಳಿ ಚಿಕ್ಕದಿರಲಿ, ಸೈಕಲ್ ಬೇಗ ವಾಪಸ್ ಬರೋದನ್ನು ಅವನು ನೋಡಲಿ. ಕಾಯೋವಾಗ ಸುಮ್ನೆ ನಿಲ್ಲಿಸಬೇಡಿ, ಹಿಂದಿನಿಂದ ನೂಕೋಕೆ ಬಿಡಿ, ಇಲ್ಲ ಸುತ್ತು ಎಣಿಸೋಕೆ ಹೇಳಿ (ತಪ್ಪು ಎಣಿಸಿದರೂ ನಡೆಯುತ್ತದೆ). ಹಸಿವು, ನಿದ್ದೆ ಇದ್ದಾಗ ಈ ಪಾಠವೇ ಬೇಡ.

ಇನ್ನೊಂದು ಮಾತು. ನೆಂಟರು ಬರೋಕೆ ಮುಂಚೆ "ಯಾವುದನ್ನು ಯಾರಿಗೂ ಕೊಡಲ್ಲ?" ಅಂತ ಅವನನ್ನೇ ಕೇಳಿ, ಅದನ್ನು ಕಪಾಟಿನಲ್ಲಿ ಇಟ್ಟುಬಿಡಿ. ನಿಮ್ಮ ಮೊಬೈಲನ್ನು ನೀವು ಎಲ್ಲರ ಕೈಗೂ ಕೊಡ್ತೀರಾ? ಹೊರಗೆ ಚೆಂಡು ಇರಲಿ, ಅದನ್ನು ಆ ಕಡೆ ಉರುಳಿಸದೆ ಆಟವೇ ಇಲ್ಲ.

ನಾದಿನಿಯ ಮಗಳನ್ನೂ ಮರೆಯಬೇಡಿ. "ನೀ ದೊಡ್ಡಾಕಿ, ಬಿಟ್ಟುಕೊಡವ್ವಾ" ಅಂತ ಪ್ರತಿ ಸಲ ಅವಳನ್ನೇ ಇಳಿಸೋದು ನನಗೆ ಸರಿ ಕಾಣಲ್ಲ. ನಾಲ್ಕು ವರ್ಷವೂ ಚಿಕ್ಕದೇ. ಅವಳ ಎರಡು ಸುತ್ತು ಮುಗಿಯೋವರೆಗೆ ಇವನು ಅತ್ತರೆ, ಎತ್ತಿಕೊಂಡು ಸಮಾಧಾನ ಮಾಡಿ, ಆದರೆ ಸೈಕಲ್ ಮಾತ್ರ ಅವಳ ಹತ್ತಿರವೇ ಇರಲಿ.