ಅರವತ್ತು ವರ್ಷ ದಾಟಿದ ಸೇನಾ ವಿಮಾನಗಳು ತುಕ್ಕು ಹಿಡಿಯದೆ ಹೇಗೆ ಹಾರುತ್ತಿವೆ?

ತುಕ್ಕು ಹಿಡಿದೇ ಹಿಡಿಯುತ್ತದೆ. ಅದನ್ನು ಬೇಗ ಪತ್ತೆಹಚ್ಚುವುದೇ ದೊಡ್ಡ ಕೆಲಸ. ಅಮೆರಿಕದ ವಾಯುಪಡೆಯ ಕೆಸಿ-135 ವಿಮಾನವನ್ನೇ ನೋಡಿ. ಆಕಾಶದಲ್ಲೇ ಬೇರೆ ವಿಮಾನಗಳಿಗೆ ಇಂಧನ ತುಂಬುವ ಇದರ ತಯಾರಿಕೆ 1965ರಲ್ಲೇ ನಿಂತಿತು, ಹಾರಾಟ ನಿಂತಿಲ್ಲ.

ರೆಕ್ಕೆಗೆ ಬಳಸಿದ್ದು 7178 ಎಂಬ ಅಲ್ಯೂಮಿನಿಯಂ ಮಿಶ್ರಲೋಹ. ಗಟ್ಟಿ, ಆದರೆ ತೇವ ತಡೆಯದು. ಉಕ್ಕಿನ ಬೋಲ್ಟ್ ತಾಗಿದಲ್ಲಿ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿ ಇದ್ದಂತೆ. ಅಲ್ಯೂಮಿನಿಯಂ ಸವೆದು ಚಿರೋಟಿಯ ಹಾಗೆ ಪದರ ಪದರವಾಗಿ ಏಳುತ್ತದೆ. ಹೊರಮೈಯ ಎರಡು ಹಾಳೆಗಳು ಒಂದರ ಮೇಲೊಂದು ಕೂರುವ ಜೋಡಣೆ ಇನ್ನೂ ಅಪಾಯಕಾರಿ. ತುಕ್ಕಿನಿಂದ ಒಳಗೆ ಹುಟ್ಟುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಹಾಳೆಗಳನ್ನು ಬಿಗಿಯುವ ಲೋಹದ ಮೊಳೆಗಳಾದ ರಿವೆಟ್‌ಗಳ ನಡುವೆ ಹಾಳೆ ದಿಂಬಿನಂತೆ ಉಬ್ಬುತ್ತದೆ. ಬಣ್ಣ ಚೆನ್ನಾಗೇ ಇರುತ್ತದೆ! ಟಾರ್ಚನ್ನು ಓರೆಯಾಗಿ ಹಿಡಿದಾಗ ಮಾತ್ರ ಆ ಉಬ್ಬಿನ ನೆರಳು ಕಾಣುತ್ತದೆ. ಅದಕ್ಕೂ ಸಿಗದ್ದನ್ನು ಎಡ್ಡಿ ಕರೆಂಟ್ ಪರೀಕ್ಷೆಯಿಂದ, ಅಂದರೆ ಲೋಹದಲ್ಲಿ ವಿದ್ಯುತ್ ಸುಳಿ ಎಬ್ಬಿಸಿ ದೋಷ ಗುರುತಿಸುವ ವಿಧಾನದಿಂದ, ಹುಡುಕುತ್ತಾರೆ.

ಸಿಕ್ಕಿದ್ದನ್ನು ಉಜ್ಜಿ ತೆಗೆದು, ಉಳಿದ ದಪ್ಪ ಅಳೆದು, ಸಾಲದಿದ್ದರೆ ಆ ಭಾಗವನ್ನೇ ಬದಲಿಸುತ್ತಾರೆ.

ತಡೆಗಟ್ಟಲು ಸಿಹಿನೀರಿನ ತೊಳೆತ, ಬಣ್ಣಕ್ಕೂ ಮೊದಲು ಬಳಿಯುವ ಪ್ರೈಮರ್ ಲೇಪ, ಬೋಲ್ಟ್ ಕೂರಿಸುವಾಗಲೇ ಸಂದು ಮುಚ್ಚುವ ಹಸಿ ಸೀಲೆಂಟ್ ಬೇಕು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯ, ವಿಮಾನದ ಹೊಟ್ಟೆಯಡಿ ನೀರು ಬಸಿಯುವ ತೂತುಗಳು. ಅಲ್ಲಿ ಕಸ ಕಟ್ಟಿದರೆ ನೀರು ಒಳಗೇ ನಿಂತು ಲೋಹ ತಿನ್ನುತ್ತದೆ.