ವಾಚಕರ ಪ್ರಶ್ನೆ, ನಮ್ಮ ಉತ್ತರ: ಮನೆಯೊಳಗಿನ ಕಾರು ರೇಸ್

ರೇಸಿಂಗ್ ಸಿಮ್ಯುಲೇಟರ್ ಉಪಕರಣಗಳ ಬಗ್ಗೆಯೂ ಟ್ರ್ಯಾಕಿನ ಸೀಳಿನಲ್ಲಿ ವಿದ್ಯುತ್ತಿನಿಂದ ಓಡುವ ಆಟಿಕೆ ಕಾರುಗಳಾದ ಸ್ಲಾಟ್ ಕಾರುಗಳ ಬಗ್ಗೆಯೂ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಂಪ್ಯೂಟರಿನಲ್ಲಿ ರೇಸ್ ಆಡಲು ಸ್ಟಿಯರಿಂಗ್ ಮತ್ತು ಪೆಡಲುಗಳನ್ನು ಕೊಳ್ಳಬೇಕೆಂದಿದ್ದೇನೆ. ಡೈರೆಕ್ಟ್ ಡ್ರೈವ್ ಅಲ್ಲದಿದ್ದರೆ ಹಣ ದಂಡವೆಂದು ಗೆಳೆಯರು ಹೇಳುತ್ತಾರೆ. ಅದನ್ನು ಕೊಂಡರೆ ಪೆಡಲಿಗೂ ಆಸನಕ್ಕೂ ಹೆಚ್ಚೇನೂ ಉಳಿಯುವುದಿಲ್ಲ. ನಿಮ್ಮ ಸಲಹೆಯೇನು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗೆಳೆಯರ ಮಾತು ಸ್ಟಿಯರಿಂಗಿನ ಮಟ್ಟಿಗೆ ಸರಿ, ಒಟ್ಟು ಲೆಕ್ಕದಲ್ಲಿ ಸರಿಯಲ್ಲ. ಲಾಜಿಟೆಕ್ ಜಿ29ರಂತಹ ಸ್ಟಿಯರಿಂಗಿನಲ್ಲಿ ಮೋಟಾರಿನ ಬಲ ಹಲ್ಲುಚಕ್ರಗಳ ಮೂಲಕ ನಿಮ್ಮ ಕೈಗೆ ಬರುತ್ತದೆ. ಥ್ರಸ್ಟ್‌ಮಾಸ್ಟರ್ ಟಿ300ರಂತಹವುಗಳಲ್ಲಿ ಬೆಲ್ಟಿನ ಮೂಲಕ ಬರುತ್ತದೆ. ಡೈರೆಕ್ಟ್ ಡ್ರೈವಿನಲ್ಲಾದರೋ ಸ್ಟಿಯರಿಂಗ್ ಚಕ್ರವು ಮೋಟಾರಿನ ದಂಡಕ್ಕೇ ನೇರವಾಗಿ ಕೂತಿರುವುದರಿಂದ ನಡುವೆ ಕಳೆದುಹೋಗುವುದು ಏನೂ ಇರುವುದಿಲ್ಲ. ಹಲ್ಲುಚಕ್ರದ ಮಾದರಿಗಳು ಎರಡು ನ್ಯೂಟನ್ ಮೀಟರಿಗಿಂತ (ಇದು ತಿರುಗಿಸುವ ಬಲದ ಅಳತೆ) ತುಸು ಹೆಚ್ಚು ಬಲ ಕೊಡುತ್ತವೆ. 2021ರಲ್ಲಿ ಬಂದ ಫನಾಟೆಕ್ ಸಿಎಸ್ಎಲ್ ಡಿಡಿ 5 ನ್ಯೂಟನ್ ಮೀಟರ್ ಕೊಡುತ್ತದೆ, ಹೆಚ್ಚಿನ ಶಕ್ತಿಯ ಅಡಾಪ್ಟರ್ ಜೋಡಿಸಿದರೆ 8. ಲಾಜಿಟೆಕ್ ಜಿ ಪ್ರೊ 11 ಕೊಡುತ್ತದೆ. ಮುಂದಿನ ಚಕ್ರಗಳು ಜಾರತೊಡಗಿದ ಕ್ಷಣ ಸ್ಟಿಯರಿಂಗ್ ಹಗುರಾಗುವುದನ್ನು ಡೈರೆಕ್ಟ್ ಡ್ರೈವಿನಲ್ಲಿ ಬೆರಳುಗಳು ಬೇಗ ಗುರುತಿಸುತ್ತವೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಲ್ಯಾಪಿನ, ಅಂದರೆ ಟ್ರ್ಯಾಕಿನ ಒಂದು ಸುತ್ತಿನ, ಸಮಯ ಉಳಿಯುವುದು, ಅಥವಾ ಹಾಳಾಗುವುದು, ಬಹುಪಾಲು ಬ್ರೇಕಿನಲ್ಲಿ. ಇಟಲಿಯ ಮೊಂಜಾ ಸರ್ಕ್ಯೂಟಿನ ಮೊದಲ ತಿರುವಿಗೆ ಫಾರ್ಮುಲಾ ಒನ್ ಕಾರುಗಳು ಗಂಟೆಗೆ 330 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬಂದು ನೂರಕ್ಕಿಂತ ಕೆಳಗಿಳಿಯಬೇಕು. ಅಲ್ಲಿ ಚಾಲಕ ಬ್ರೇಕನ್ನು ಮೊದಲು ಪೂರ್ಣ ಬಲದಿಂದ ತುಳಿದು, ವೇಗ ಇಳಿದಂತೆಲ್ಲ ಪಾದವನ್ನು ಸ್ವಲ್ಪಸ್ವಲ್ಪವೇ ಸಡಿಲಿಸುತ್ತ ತಿರುವಿನೊಳಗೆ ಹೋಗುತ್ತಾನೆ. ಅಗ್ಗದ ಪೆಡಲುಗಳಲ್ಲಿರುವ ಪೊಟೆನ್ಷಿಯೋಮೀಟರ್ ಅಳೆಯುವುದು ಪೆಡಲು ಎಷ್ಟು ದೂರ ಸರಿಯಿತು ಎಂಬುದನ್ನು ಮಾತ್ರ. ಲೋಡ್ ಸೆಲ್ ಪೆಡಲು ಎಷ್ಟು ಬಲ ಬಿತ್ತು ಎಂಬುದನ್ನು ಅಳೆಯುತ್ತದೆ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಒಳಗಿರುವುದೂ ಇದೇ ಬಗೆಯ ಸೆನ್ಸರ್. ನಮ್ಮ ಕಾಲಿನ ಸ್ನಾಯುಗಳು ದೂರಕ್ಕಿಂತ ಒತ್ತಡವನ್ನು ಚೆನ್ನಾಗಿ ನೆನಪಿಡುವುದರಿಂದ, ಲೋಡ್ ಸೆಲ್ ಇದ್ದವರ ಬ್ರೇಕು ಲ್ಯಾಪಿನಿಂದ ಲ್ಯಾಪಿಗೆ ಒಂದೇ ಹದಕ್ಕೆ ಬರುತ್ತದೆ. ಪೊಟೆನ್ಷಿಯೋಮೀಟರ್ ಸವೆದು ಕ್ರಮೇಣ ತಪ್ಪು ಸಂಕೇತ ಕೊಡತೊಡಗುವುದೂ ಇದೆ. ಆಯಸ್ಕಾಂತದ ನೆರವಿನಿಂದ ಅಳೆಯುವ ಹಾಲ್ ಸೆನ್ಸರುಳ್ಳ ಪೆಡಲಿನಲ್ಲಿ ಆ ಸವೆತವಿಲ್ಲ, ಆದರೆ ಅದೂ ಅಳೆಯುವುದು ಸರಿದ ದೂರವನ್ನೇ.

ಆದ್ದರಿಂದ ನಮ್ಮ ಸಲಹೆ ಸ್ಪಷ್ಟ: ಬಳಸಿದ, ಸುಸ್ಥಿತಿಯಲ್ಲಿರುವ ಹಲ್ಲುಚಕ್ರದ ಅಥವಾ ಬೆಲ್ಟಿನ ಸ್ಟಿಯರಿಂಗ್ ಕೊಂಡು, ಮಿಕ್ಕ ಹಣವನ್ನು ಲೋಡ್ ಸೆಲ್ ಪೆಡಲಿಗೂ ಅಲುಗದ ಚೌಕಟ್ಟಿಗೂ ಹಾಕಿ. ಚೌಕಟ್ಟನ್ನು ಇಲ್ಲಿ ಸುಮ್ಮನೆ ಸೇರಿಸಿಲ್ಲ. ಉರುಳುಗಾಲಿನ ಕಚೇರಿ ಕುರ್ಚಿಯಲ್ಲಿ ಕೂತು ಲೋಡ್ ಸೆಲ್ ಪೆಡಲನ್ನು ಜೋರಾಗಿ ತುಳಿದರೆ ಹಿಂದಕ್ಕೆ ಹೋಗುವುದು ಕುರ್ಚಿಯೇ. ನೆಲದ ಮೇಲಿಟ್ಟ ಪೆಡಲು ಮುಂದಕ್ಕೆ ಜಾರಿ ಗೋಡೆಗೆ ತಾಗುತ್ತದೆ. 40 ಮಿಲಿಮೀಟರ್ ಚೌಕದ ಅಲ್ಯುಮಿನಿಯಂ ಪ್ರೊಫೈಲುಗಳನ್ನು ಬೋಲ್ಟಿನಿಂದ ಜೋಡಿಸಿ ರಿಗ್ ಮಾಡಿಕೊಳ್ಳುವುದು ಈಗ ರೂಢಿ. ಕೈಕೆಲಸ ಬಲ್ಲ ಬಡಗಿ ದಪ್ಪ ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟದ್ದೂ ಆದೀತು, ಹಳೆಯ ಕಾರಿನ ಸೀಟು ಗುಜರಿಯಲ್ಲಿ ಸಿಗುತ್ತದೆ. ಕಂಪ್ಯೂಟರಿಗೆ ಬಹುತೇಕ ಎಲ್ಲ ಸ್ಟಿಯರಿಂಗುಗಳೂ ಹೊಂದುತ್ತವೆ. ಆದರೆ ಮುಂದೆ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಕೊಳ್ಳುವ ಯೋಚನೆಯಿದ್ದರೆ ಅದಕ್ಕೆ ಪರವಾನಗಿ ಪಡೆದ ಮಾದರಿಯನ್ನೇ ಆರಿಸಬೇಕು, ಒಂದರದ್ದು ಸಾಮಾನ್ಯವಾಗಿ ಇನ್ನೊಂದಕ್ಕೆ ನಡೆಯುವುದಿಲ್ಲ. ಆಟದ ವಿಷಯಕ್ಕೆ ಬಂದರೆ, 2014ರ ಅಸೆಟ್ಟೊ ಕೊರ್ಸಾ ಇಂದಿಗೂ ಸಾಧಾರಣ ಕಂಪ್ಯೂಟರಿನಲ್ಲಿ ಓಡುತ್ತದೆ ಮತ್ತು ಅದರ ಹಲವು ಟ್ರ್ಯಾಕುಗಳನ್ನು ಲೇಸರಿನಿಂದ ಅಳೆದು ರೂಪಿಸಿರುವುದರಿಂದ ರಸ್ತೆಯ ಉಬ್ಬುತಗ್ಗುಗಳು ಕೈಗೆ ತಿಳಿಯುತ್ತವೆ. ಮೂರು ಪರದೆಗಳ ಆಸೆಯನ್ನು ಸದ್ಯಕ್ಕೆ ಬದಿಗಿಡಿ.

ಪ್ರಶ್ನೆ: ಹದಿನಾಲ್ಕು ವರ್ಷದ ಮಗ, ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿದವರು ನಿಜವಾದ ರೇಸ್ ಚಾಲಕರಾಗಿದ್ದಾರೆ ಎಂದು ಹೇಳಿ ಉಪಕರಣ ಕೊಡಿಸುವಂತೆ ಒತ್ತಾಯಿಸುತ್ತಿದ್ದಾನೆ. ಇದು ನಿಜವೇ?
— ತಾಯಿಯೊಬ್ಬರು, ಮೈಸೂರು

ಉತ್ತರ: ನಿಜ, ಆದರೆ ಅಂತಹವರು ವಿರಳ. ನಿಸ್ಸಾನ್ ಮತ್ತು ಸೋನಿ ಸೇರಿ 2008ರಿಂದ 2016ರವರೆಗೆ ನಡೆಸಿದ ಜಿಟಿ ಅಕಾಡೆಮಿ ಎಂಬ ಸ್ಪರ್ಧೆಯಲ್ಲಿ, ಗ್ರ್ಯಾನ್ ಟುರಿಸ್ಮೊ ಆಟದಲ್ಲಿ ಮುಂದಿದ್ದವರನ್ನು ಆರಿಸಿ ನಿಜವಾದ ಕಾರಿನಲ್ಲಿ ತರಬೇತಿ ಕೊಡುತ್ತಿದ್ದರು. 2011ರಲ್ಲಿ ಅದನ್ನು ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ 2013ರಲ್ಲಿ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ಕಾರು ಓಡಿಸಿದರು. ಇತ್ತ ಮ್ಯಾಕ್ಸ್ ವರ್ಸ್ಟಾಪನ್ ಅವರಂತಹ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ನರೂ ಬಿಡುವಿನಲ್ಲಿ ಸಿಮ್ ರೇಸ್ ಆಡುತ್ತಾರೆ. ಎಲ್ಲಿ ಬ್ರೇಕ್ ತುಳಿಯಬೇಕು, ತಿರುವನ್ನು ಯಾವ ರೇಖೆಯಲ್ಲಿ ಹಿಡಿಯಬೇಕು ಎಂಬುದನ್ನು ಸಿಮ್ಯುಲೇಟರ್ ಚೆನ್ನಾಗಿ ಕಲಿಸುತ್ತದೆ. ತಿರುವಿನಲ್ಲಿ ಕತ್ತಿನ ಮೇಲೆ ಬೀಳುವ ಭಾರ, ಕಾಕ್‌ಪಿಟ್ಟಿನ ಸೆಕೆ, ಗೋಡೆಗೆ ತಾಗಿದರೆ ನಿಜವಾಗಿಯೂ ಪೆಟ್ಟಾಗುತ್ತದೆ ಎಂಬ ಅಳುಕು, ಇವು ಅದರಲ್ಲಿಲ್ಲ. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರೂ ಸೇರಿದಂತೆ ಹೆಚ್ಚಿನ ಚಾಲಕರು ಬಂದದ್ದು ಗೋ ಕಾರ್ಟಿನ ಮೂಲಕ. ದೊಡ್ಡ ಮೊತ್ತ ಹಾಕುವ ಮುನ್ನ ಮಗನನ್ನು ಬೆಂಗಳೂರಿನ ಕಾರ್ಟಿಂಗ್ ಟ್ರ್ಯಾಕಿಗೆ ಕೆಲವು ಸಲ ಕರೆದೊಯ್ಯಿರಿ. ಮೈಕೈ ನೋವಾದ ಮೇಲೂ ಆಸೆ ಹಾಗೆಯೇ ಇದ್ದರೆ ಉಪಕರಣದ ಮಾತು ಆಡಬಹುದು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದ ನಮ್ಮ ತಂದೆಯವರು 1970ರ ದಶಕದಲ್ಲಿ ತಂದ ಸ್ಕೇಲೆಕ್ಸ್‌ಟ್ರಿಕ್ ಸೆಟ್ಟು ಅಟ್ಟದಲ್ಲಿ ಸಿಕ್ಕಿದೆ. ಹಳಿಗಳಿಗೆ ತುಕ್ಕು ಹಿಡಿದಿದೆ, ಕಾರುಗಳ ಟಯರು ಗಟ್ಟಿಯಾಗಿವೆ. ದುರಸ್ತಿ ಮಾಡಿ ಓಡಿಸಬಹುದೇ, ಅಥವಾ ಹಾಗೆಯೇ ಇಟ್ಟರೆ ಬೆಲೆ ಬಾಳುತ್ತದೆಯೇ? ಒಂದು ಕಾರು ಕಪ್ಪು ಬಣ್ಣದ ಜಾನ್ ಪ್ಲೇಯರ್ ಸ್ಪೆಷಲ್ ಲೋಟಸ್.
— ಓದುಗರೊಬ್ಬರು, ಮಂಗಳೂರು

ಉತ್ತರ: ಖಂಡಿತ ಓಡಿಸಬಹುದು. ಬೆಲೆಯ ವಿಚಾರವಾಗಿ ಹೆಚ್ಚು ನಿರೀಕ್ಷೆ ಬೇಡ. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಅವರು ಕೀಲಿ ಕೊಟ್ಟು ಓಡಿಸುವ ತಮ್ಮ ಸ್ಕೇಲೆಕ್ಸ್ ಕಾರುಗಳಿಗೆ ವಿದ್ಯುತ್ ಮೋಟಾರು ಜೋಡಿಸಿ 1957ರ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ತೋರಿಸಿದ್ದೇ ಸ್ಕೇಲೆಕ್ಸ್‌ಟ್ರಿಕ್ಕಿನ ಆರಂಭ. ಆಗಿನ ತಗಡಿನ ಮಾಸೆರಾಟಿ, ಫೆರಾರಿಗಳಿಗೂ, ಆಸನದಿಂದ ಗೊಂಬೆ ಹಾರುವ 1960ರ ದಶಕದ ಜೇಮ್ಸ್ ಬಾಂಡ್ ಆಸ್ಟನ್ ಮಾರ್ಟಿನ್ನಿಗೂ ಸಂಗ್ರಾಹಕರು ದೊಡ್ಡ ಹಣ ಕೊಡುತ್ತಾರೆ. 1970ರ ದಶಕದ ಫಾರ್ಮುಲಾ ಒನ್ ಕಾರುಗಳು ಹೇರಳವಾಗಿ ಮಾರಾಟವಾದವು, ನಿಮ್ಮ ಕಪ್ಪು ಲೋಟಸ್ಸೂ ಅವುಗಳಲ್ಲೊಂದು. ಇದ್ದಷ್ಟು ಬೆಲೆ ನಿಂತಿರುವುದು ಮೂರರ ಮೇಲೆ: ಮೂಲ ಪೆಟ್ಟಿಗೆ, ಮುರಿಯದ ರೆಕ್ಕೆ ಮತ್ತು ಕನ್ನಡಿಗಳು, ಮೊದಲಿನ ಬಣ್ಣ. ಹೊಸದಾಗಿ ಕಾಣಲಿ ಎಂದು ಬಣ್ಣ ಬಳಿದರೆ ಇದ್ದ ಬೆಲೆಯೂ ಹೋಗುತ್ತದೆ.

ಕರಾವಳಿಯ ಗಾಳಿಯಲ್ಲಿ ಉಕ್ಕಿನ ಹಳಿಗೆ ತುಕ್ಕು ಹಿಡಿಯದಿದ್ದರೆ ಅದೇ ಆಶ್ಚರ್ಯ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಹಳಿಯುದ್ದಕ್ಕೂ ಮೃದುವಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸ್ಟೀಲಿನ ನಾರು ಮಾತ್ರ ಬೇಡ: ಅದರ ಎಳೆಗಳು ಕಾರಿನ ಮೋಟಾರಿನ ಆಯಸ್ಕಾಂತಕ್ಕೆ ಅಂಟಿ ಒಳಗೆ ಶಾರ್ಟ್ ಆಗುತ್ತದೆ. ಉಪ್ಪು ಕಾಗದ ಗೀರುಗಳನ್ನು ಮೂಡಿಸುವುದರಿಂದ ತುಕ್ಕು ಮತ್ತೆ ಬೇಗ ಹತ್ತುತ್ತದೆ. ಟ್ರ್ಯಾಕಿನ ತುಂಡುಗಳು ಸೇರುವಲ್ಲಿ ಹಳಿಯ ತುದಿಗಳು ಬಿಗಿಯಾಗಿ ಮುಟ್ಟುತ್ತಿವೆಯೇ ಎಂದು ನೋಡಿ. ಟ್ರ್ಯಾಕಿನ ಒಂದೇ ಭಾಗದಲ್ಲಿ ಕಾರು ನಿಧಾನವಾಗುವುದಾದರೆ ಕಾರಣ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ.

ಕಾರಿನ ಅಡಿಯಲ್ಲಿ ಹಳಿಯಿಂದ ವಿದ್ಯುತ್ ಎಳೆಯುವ ತಾಮ್ರದ ಜಡೆಯಂತಹ ಬ್ರೇಡುಗಳು ಕಪ್ಪಾಗಿದ್ದರೆ ಬದಲಿಸಿ, ತುದಿಯನ್ನು ಸ್ವಲ್ಪ ಬಿಡಿಸಿ ಹಳಿಗೆ ಹಗುರವಾಗಿ ಒತ್ತುವಂತೆ ಬಾಗಿಸಿ. ಚಕ್ರದ ಅಚ್ಚು ಕೂರುವ ಕಡೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು. ಬ್ರೇಡಿಗೂ ಮೋಟಾರಿನ ಕಮ್ಯುಟೇಟರಿಗೂ (ಒಳಗೆ ತಿರುಗುತ್ತ ವಿದ್ಯುತ್ ಪಡೆಯುವ ತಾಮ್ರದ ಭಾಗ) ಎಣ್ಣೆ ತಾಗಬಾರದು. ಗಟ್ಟಿಯಾದ ಟಯರನ್ನು ಎಣ್ಣೆಯಲ್ಲಿ ನೆನೆಸಿ ಮೆದು ಮಾಡುವ ಉಪಾಯಗಳನ್ನು ಕೆಲವರು ಹೇಳುತ್ತಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಮೂಲ ಟಯರನ್ನು ತೆಗೆದು ಚೀಲದಲ್ಲಿಟ್ಟು, ಓಡಿಸಲು ಹೊಸ ಯುರಿಥೇನ್ ಟಯರುಗಳನ್ನು ಹಾಕಿಕೊಳ್ಳಿ, ಹಳೆಯ ಮಾದರಿಗಳ ಅಳತೆಗೂ ಅವು ಸಿಗುತ್ತವೆ. ಎತ್ತಿಡುವಾಗ ಟಯರು ಪ್ಲಾಸ್ಟಿಕ್ಕಿಗೆ ತಾಗದಿರಲಿ. ವರ್ಷಗಳಲ್ಲಿ ಅದರ ರಾಸಾಯನಿಕ ಜಿನುಗಿ ಕೆಳಗಿನ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಆ ಕಾಲದ ಕಾರುಗಳಲ್ಲಿ ಈಗಿನವುಗಳಂತೆ ಹಳಿಗೆ ಹಿಡಿದುಕೊಳ್ಳುವ ಆಯಸ್ಕಾಂತವಿಲ್ಲ. ತಿರುವಿಗೆ ಮೊದಲೇ ಕಂಟ್ರೋಲರಿನ ಗುಂಡಿಯನ್ನು ಸಡಿಲಿಸದಿದ್ದರೆ ಕಾರು ನೇರವಾಗಿ ಸೋಫಾದ ಕೆಳಗೆ ಹೋಗುತ್ತದೆ. ಮೇಲೆ ಹುಬ್ಬಳ್ಳಿಯ ಓದುಗರಿಗೆ ಬ್ರೇಕಿನ ಬಗ್ಗೆ ಹೇಳಿದ್ದನ್ನು ಇಲ್ಲಿ ಒಂದೇ ಬೆರಳಿನಲ್ಲಿ ಮಾಡಬೇಕು, ಈ ಹಳೆಯ ಸೆಟ್ಟಿನ ಸೊಗಸೂ ಅದರಲ್ಲಿಯೇ ಇದೆ. ಹಳೆಯ ಟ್ರಾನ್ಸ್‌ಫಾರ್ಮರನ್ನು ಮಾತ್ರ ಎಲೆಕ್ಟ್ರಿಷಿಯನ್ನರಿಗೆ ತೋರಿಸದೆ ಪ್ಲಗ್ಗಿಗೆ ಹಾಕಬೇಡಿ, ಅಷ್ಟು ಹಳೆಯ ವೈರಿನ ಹೊದಿಕೆ ಬಿರಿದಿರಬಹುದು.

ಪ್ರಶ್ನೆ: ಅಮೆರಿಕದಲ್ಲಿರುವ ತಮ್ಮ ಅಲ್ಲಿಂದ ಸ್ಲಾಟ್ ಕಾರು ಸೆಟ್ಟನ್ನು ತರುತ್ತಾನಂತೆ. ಇಲ್ಲಿ ನಡೆಯುತ್ತದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಡಾಪ್ಟರಿನ ಮೇಲಿನ ಚೀಟಿಯನ್ನು ಓದಲು ಹೇಳಿ. ಇನ್‌ಪುಟ್ 100–240 ವೋಲ್ಟ್ ಎಂದಿದ್ದರೆ ಪಿನ್ನು ಬದಲಿಸಿದರೆ ಸಾಕು. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಹಾಕಿದೊಡನೆ ಸುಟ್ಟುಹೋಗುತ್ತದೆ. ಆಗ ಅದೇ ಔಟ್‌ಪುಟ್ ವೋಲ್ಟೇಜು, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್ ಹಾಗೂ ಅದೇ ಧ್ರುವಕ್ರಮದ ಅಡಾಪ್ಟರನ್ನು ಇಲ್ಲಿಯೇ ಕೊಳ್ಳಬೇಕು.

ಪ್ರಶ್ನೆ: ಹೊಸದಾಗಿ ಆರಂಭಿಸುವವರು ಸಾಧಾರಣ ಸೆಟ್ಟು ಕೊಳ್ಳಬೇಕೇ, ಡಿಜಿಟಲ್ ಕೊಳ್ಳಬೇಕೇ? ಸ್ಕೇಲೆಕ್ಸ್‌ಟ್ರಿಕ್ ಮತ್ತು ಕರೆರಾ ಟ್ರ್ಯಾಕುಗಳನ್ನು ಒಂದಕ್ಕೊಂದು ಸೇರಿಸಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸಾಧಾರಣ ಸೆಟ್ಟಿನಲ್ಲಿ ಒಂದು ಸೀಳಿಗೆ ಒಂದೇ ಕಾರು, ಆ ಸೀಳಿನ ವಿದ್ಯುತ್ತನ್ನು ನಿಮ್ಮ ಕಂಟ್ರೋಲರ್ ಹೆಚ್ಚುಕಡಿಮೆ ಮಾಡುತ್ತದೆ. ಡಿಜಿಟಲ್ಲಿನಲ್ಲಿ ಹಳಿಯಲ್ಲಿ ವಿದ್ಯುತ್ ಸದಾ ಇರುತ್ತದೆ. ಪ್ರತಿ ಕಾರಿನೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ತನಗೆ ಬಂದ ಆದೇಶವನ್ನಷ್ಟೇ ಪಾಲಿಸುವುದರಿಂದ ಒಂದೇ ಸೀಳಿನಲ್ಲಿ ಹಲವು ಕಾರುಗಳು ಓಡುತ್ತವೆ, ಗುಂಡಿಯೊತ್ತಿ ಸೀಳು ಬದಲಿಸಿ ಎದುರಾಳಿಯನ್ನು ದಾಟಬಹುದು. ಆಡುವವರು ಇಬ್ಬರೇ ಆದರೆ ಡಿಜಿಟಲ್ಲಿನ ಖರ್ಚು ಅನಗತ್ಯ. ಎರಡು ಕಂಪನಿಗಳ ಟ್ರ್ಯಾಕಿನ ಕೊಂಡಿಗಳೂ ಸೀಳುಗಳ ನಡುವಿನ ಅಂತರವೂ ಬೇರೆಬೇರೆ. ಡಿಜಿಟಲ್ ಭಾಷೆಯೂ ಬೇರೆ. ಜರ್ಮನಿಯಲ್ಲಿ ಹುಟ್ಟಿದ ಕರೆರಾದ ಅಗಲವಾದ ಟ್ರ್ಯಾಕಿನಲ್ಲಿ 1:32 ಅಳತೆಯ ಕಾರುಗಳೊಂದಿಗೆ ದೊಡ್ಡ 1:24 ಕಾರುಗಳೂ ಓಡುತ್ತವೆ, ಆದರೆ ಅದರ ತಿರುವುಗಳಿಗೆ ಫ್ಲಾಟಿನ ಹಜಾರ ಸಾಲದೆ ಹೋಗಬಹುದು. ಸ್ಕೇಲೆಕ್ಸ್‌ಟ್ರಿಕ್ಕಿನ ಸಾಧಾರಣ ಸೆಟ್ಟನ್ನೇ ಆರಿಸುವುದಾದರೆ, ಮುಂದೆ ಬೇರೆ ಕಾರುಗಳನ್ನು ಸೇರಿಸುವಾಗ ಪೆಟ್ಟಿಗೆಯ ಮೇಲೆ ಡಿಪಿಆರ್ (ಡಿಜಿಟಲ್ ಪ್ಲಗ್ ರೆಡಿ) ಎಂಬ ಗುರುತಿರುವವನ್ನು ಕೊಳ್ಳಿ. ಅವುಗಳ ತಳದಲ್ಲಿರುವ ಸಣ್ಣ ಮುಚ್ಚಳವನ್ನು ತೆಗೆದು ಚಿಪ್ಪು ಕೂರಿಸಿದರೆ ಅದೇ ಕಾರು ಡಿಜಿಟಲ್ ಟ್ರ್ಯಾಕಿನಲ್ಲಿಯೂ ಓಡುತ್ತದೆ.